ಮಂಜನ್ನು ಹೊಗೆಯೆಂದು ಕೂಗುವ ಹಳೆಯ ಪ್ಯಾನೆಲ್: ಇಟ್ಟುಕೊಳ್ಳಲೇ, ಬದಲಿಸಲೇ?

ತೋಟದಮನೆ, ಮಡಿಕೇರಿ:
ಎಲ್ಲರಿಗೂ ನಮಸ್ಕಾರ. ಬೆಂಕಿ ಎಚ್ಚರಿಕೆಯ ಉಪಕರಣಗಳನ್ನು ಬಿಚ್ಚಿ ಜೋಡಿಸುವುದು ಹತ್ತು ವರ್ಷಗಳಿಂದ ನನಗೆ ಅಂಟಿಕೊಂಡಿರುವ ಹುಚ್ಚು. 2015ರಲ್ಲಿ ಗುಜರಿ ಅಂಗಡಿಯಿಂದ ಎರಡು ಝೋನ್‌ಗಳ, ಅಂದರೆ ಎರಡು ಡಿಟೆಕ್ಟರ್ ಸಾಲುಗಳನ್ನು ಕಾಯುವ, ಕನ್ವೆನ್ಷನಲ್ (ಹಳೆಯ ಸರಳ ಬಗೆಯ) ಪ್ಯಾನೆಲ್ ಒಂದನ್ನು ತಂದು, ಮನೆಗೊಂದು ಮತ್ತು ಕಾಫಿ ಗೋದಾಮಿಗೊಂದು ಸಾಲು ಎಳೆದೆ. ಡಿಟೆಕ್ಟರ್ ಸುಮ್ಮನಿರುವಾಗ ಅತ್ಯಲ್ಪ ಕರೆಂಟು ಎಳೆಯುತ್ತದೆ, ಹೊಗೆ ಹೊಕ್ಕರೆ ಹೆಚ್ಚು ಎಳೆಯುತ್ತದೆ. ಸಾಲಿನ ತುದಿಯ ರೆಸಿಸ್ಟರ್ ಪ್ಯಾನೆಲ್‌ಗೆ ಕಾಣದಿದ್ದರೆ ತಂತಿ ತುಂಡಾಗಿದೆ ಎಂದರ್ಥ. ಇಷ್ಟೇ ಅದರ ಬುದ್ಧಿ, ಮತ್ತು ಬಹಳ ಕಾಲ ನನಗೆ ಇಷ್ಟು ಸಾಕೆನಿಸಿತ್ತು.

ತೊಂದರೆ ಕೊಟ್ಟಿದ್ದು ಮಳೆಗಾಲ. ಒಂದು ಜುಲೈ ತಿಂಗಳ ರಾತ್ರಿ ಮೂರು ಗಂಟೆಗೆ ಹೂಟರ್ ಕೂಗಿ, ಅಮ್ಮ ಕೊಡೆ ಹಿಡಿದು ಅಂಗಳಕ್ಕೆ ಇಳಿದಾಗ, ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಹೆಂಚಿನ ಸಂದಿಯಿಂದ ಅಟ್ಟಕ್ಕೆ ಮಂಜು ಇಳಿದಿತ್ತು. ಫೋಟೋಎಲೆಕ್ಟ್ರಿಕ್ ಡಿಟೆಕ್ಟರ್‌ನ ಒಳಗಿನ ಕಪ್ಪು ಕೋಣೆಯಲ್ಲಿ ಎಲ್‌ಇಡಿಯ ಬೆಳಕು ನೇರವಾಗಿ ಸೆನ್ಸರ್‌ಗೆ ತಾಗುವುದಿಲ್ಲ, ಹೊಗೆಯ ಕಣಗಳು ಅದನ್ನು ಚದುರಿಸಿದಾಗ ಮಾತ್ರ ತಾಗುತ್ತದೆ; ಆದರೆ ಮಂಜಿನ ಹನಿಗಳೂ ಬೆಳಕನ್ನು ಚದುರಿಸುತ್ತವೆ. ಮರುವಾರ ಮಂಜಿಲ್ಲದ ರಾತ್ರಿಯೂ ಕೂಗಿತು. ಮುಚ್ಚಳ ತಿರುಗಿಸಿ ಟಾರ್ಚ್ ಹಿಡಿದು ನೋಡಿದರೆ, ಆ ಕಪ್ಪು ಸುರುಳಿಗಳ ನಡುವೆ ಸಾಸಿವೆ ಕಾಳಿನಷ್ಟು ಜೇಡವೊಂದು ಕೂತಿತ್ತು, ಅದರ ಬಲೆಯ ಒಂದೇ ಒಂದು ಎಳೆ ಬೆಳಕಿಗೆ ಮಿನುಗುತ್ತಿತ್ತು.

ಈ ವರ್ಷ ಗೆಳೆಯರೊಬ್ಬರ ಮೂಲಕ ಸಣ್ಣ ಅಡ್ರೆಸೆಬಲ್ (ಪ್ರತಿ ಡಿಟೆಕ್ಟರನ್ನೂ ಬೇರೆಬೇರೆಯಾಗಿ ಗುರುತಿಸುವ) ಪ್ಯಾನೆಲ್ ಮತ್ತು ನಾಲ್ಕು ಡಿಟೆಕ್ಟರ್‌ಗಳು ಸಿಕ್ಕಿವೆ. ಹಳೆಯದು ಹೌದು ಅಥವಾ ಇಲ್ಲ ಎನ್ನುತ್ತಿತ್ತು, ಹೊಸದು ತನಗೆ ಕಂಡದ್ದನ್ನು ಅಂಕಿಯಲ್ಲಿ ಹೇಳುತ್ತದೆ. ಮಂಜು ಇಳಿಯುತ್ತಿದ್ದಂತೆ ಪರದೆಯ ಮೇಲೆ ಆ ಅಂಕಿ ನಿಧಾನವಾಗಿ ಏರುವುದನ್ನೂ, ಹತ್ತು ಗಂಟೆಯ ಬಿಸಿಲಿಗೆ ಇಳಿಯುವುದನ್ನೂ ನಾನು ಒಂದು ವಾರ ಕುರ್ಚಿ ಹಾಕಿಕೊಂಡು ನೋಡಿದೆ. ಧೂಳು ಕೂತರೆ ತನ್ನ ಆಧಾರಮಟ್ಟವನ್ನು ತಾನೇ ಸರಿಪಡಿಸಿಕೊಂಡು, ಮಿತಿ ಮೀರಿದಾಗ ಸ್ವಚ್ಛಗೊಳಿಸಿ ಎನ್ನುತ್ತದೆ. ಹಾಗಿದ್ದೂ ಹಳೆಯದನ್ನು ಕಳಚಲು ಮನಸ್ಸು ಬರುತ್ತಿಲ್ಲ. ನಿಮ್ಮ ಅಭಿಪ್ರಾಯವೇನು?

ಲೂಪ್‌ಕಾರ್ಡ್, ಕುಶಾಲನಗರ:
ಸರ್, ಹೋಂಸ್ಟೇಗಳಿಗೆ ಈ ಕೆಲಸ ಮಾಡಿಕೊಡುವವನಾಗಿ ಹೇಳುತ್ತೇನೆ, ಅಡ್ರೆಸೆಬಲ್ ಪ್ಯಾನೆಲ್‌ನ ನಿಜವಾದ ಲಾಭ ನೀವು ಹೇಳಿದ ಅಂಕಿಗಿಂತಲೂ ಅದರ ಲೂಪ್‌ನಲ್ಲಿದೆ. ತಂತಿಯ ಎರಡೂ ತುದಿಗಳು ಪ್ಯಾನೆಲ್‌ಗೇ ಮರಳುವುದರಿಂದ, ಅಟ್ಟದಲ್ಲಿ ಇಲಿ ಒಂದು ಕಡೆ ಕಚ್ಚಿ ತುಂಡು ಮಾಡಿದರೂ ಎಲ್ಲ ಡಿಟೆಕ್ಟರ್‌ಗಳೂ ಇನ್ನೊಂದು ದಿಕ್ಕಿನಿಂದ ಮಾತಾಡುತ್ತಲೇ ಇರುತ್ತವೆ. ಶಾರ್ಟ್ ಆದರೆ ಐಸೊಲೇಟರ್‌ಗಳು ಆ ತುಂಡನ್ನಷ್ಟೇ ಬೇರ್ಪಡಿಸುತ್ತವೆ. ಯಾವ ಕೋಣೆಯಲ್ಲಿ ಹೊಗೆ ಎಂಬುದು ಹೆಸರಿನ ಸಮೇತ ಬರುತ್ತದೆ, ಹನ್ನೆರಡು ಕೋಣೆಯ ಕಟ್ಟಡದಲ್ಲಿ ಅದು ಸಣ್ಣ ವಿಷಯವಲ್ಲ.

ಆದರೆ ನಮ್ಮ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲನ್ನು ಮರೆಯಬೇಡಿ. ಗೋದಾಮಿನವರೆಗೆ ಕಂಬದ ಮೇಲೆ ತಂತಿ ಎಳೆದಿದ್ದರೆ ಅದು ಸಿಡಿಲಿಗೆ ಆಹ್ವಾನವೇ ಸರಿ. ಸಿಡಿಲಿನ ವಿದ್ಯುತ್ ಹೊಡೆತವನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್ ಇಲ್ಲದ ಕಡೆ, ಲೂಪನ್ನು ನಡೆಸುವ ಸರ್ಕ್ಯೂಟ್ ಹಲಗೆಯಾದ ಲೂಪ್ ಕಾರ್ಡ್ ಸುಟ್ಟು, ಅದೇ ಕಂಪನಿಯ ಕಾರ್ಡ್‌ಗಾಗಿ ತಿಂಗಳುಗಟ್ಟಲೆ ಕಾಯ್ದಿದ್ದೇನೆ. ಒಬ್ಬರ ಡಿಟೆಕ್ಟರ್ ಇನ್ನೊಬ್ಬರ ಪ್ಯಾನೆಲ್‌ನೊಂದಿಗೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ನಿಮ್ಮ ಹಳೆಯ ಪ್ಯಾನೆಲ್ ಆಗಿದ್ದರೆ ಸೋಲ್ಡರಿಂಗ್ ಐರನ್ ಹಿಡಿದು ಮಧ್ಯಾಹ್ನದೊಳಗೆ ಸರಿ ಮಾಡಿಬಿಡುತ್ತಿದ್ದಿರಿ.

ಹಳೆಯಬಾಣಲೆ, ವಿರಾಜಪೇಟೆ:
ಯಂತ್ರ ಬದಲಿಸುವ ಮುನ್ನ ಎಲ್ಲಿ ಯಾವುದನ್ನು ಹಾಕಿದ್ದೀರಿ ಎಂಬುದನ್ನು ನೋಡಿ. ಸೌದೆ ಒಲೆಯ ಅಡುಗೆಮನೆಗೂ, ಹಂಡೆ ಕಾಯಿಸುವ ಬಚ್ಚಲಿಗೂ ಹೊಗೆಯ ಡಿಟೆಕ್ಟರ್ ಹಾಕಿದರೆ ಯಾವ ತಂತ್ರಜ್ಞಾನವೂ ನಿಮ್ಮನ್ನು ಕಾಪಾಡುವುದಿಲ್ಲ. ಅಲ್ಲಿಗೆ ಹೀಟ್ ಡಿಟೆಕ್ಟರ್ ಸರಿ, ಅದರಲ್ಲೂ 57 ಡಿಗ್ರಿಯಂತಹ ನಿಗದಿತ ಉಷ್ಣತೆಗೆ ಕೂಗುವಂಥದ್ದು. ಉಷ್ಣತೆ ಏರುವ ವೇಗವನ್ನು ಅಳೆಯುವ ಬಗೆಯದು ಒಲೆ ಹೊತ್ತಿಸಿದ ಕೂಡಲೇ ಮೋಸ ಹೋಗಬಹುದು. ಗೋಣಿಚೀಲಗಳ ಗೋದಾಮಿನಲ್ಲಿ ಬೆಂಕಿ ಮೊದಲು ಗಂಟೆಗಟ್ಟಲೆ ಕನಲುತ್ತದೆ, ಜ್ವಾಲೆ ಬರುವುದು ಆಮೇಲೆ, ಆದ್ದರಿಂದ ಅಲ್ಲಿ ಫೋಟೋಎಲೆಕ್ಟ್ರಿಕ್ ಇರಲೇಬೇಕು. ಯಾವ ಜಾಗಕ್ಕೆ ಯಾವುದು ಎಂಬುದಕ್ಕೆ ಬೆಂಕಿ ಎಚ್ಚರಿಕೆ ವ್ಯವಸ್ಥೆಗಳ ಭಾರತೀಯ ಮಾನಕವಾದ ಐಎಸ್ 2189 ಓದಿ, ನೀರಸವಾದರೂ ಉಪಯುಕ್ತ.

ನಿಮ್ಮ ಸಂಗ್ರಹದಲ್ಲಿ ಅಯಾನೀಕರಣ ಬಗೆಯ ಹಳೆಯ ಡಿಟೆಕ್ಟರ್‌ಗಳಿದ್ದರೆ ದಯವಿಟ್ಟು ಅವುಗಳ ಒಳಗಿನ ಕೋಣೆಯನ್ನು ಬಿಚ್ಚಬೇಡಿ, ಗುಜರಿಗೂ ಹಾಕಬೇಡಿ. ಅವುಗಳಲ್ಲಿರುವ ವಿಕಿರಣಶೀಲ ಅಮೆರಿಸಿಯಂ 241ರ ಅರ್ಧಾಯುಷ್ಯ ಸುಮಾರು 432 ವರ್ಷ. ಡಿಟೆಕ್ಟರ್ ಕೆಟ್ಟರೂ ಅದು ಕೆಡುವುದಿಲ್ಲ.

ತೋಟದಮನೆ, ಮಡಿಕೇರಿ:
ಇಬ್ಬರಿಗೂ ಧನ್ಯವಾದ. ಅಯಾನೀಕರಣದ್ದು ಎರಡಿವೆ, ಬಿಚ್ಚಿಲ್ಲ, ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದೇನೆ. ಹೊಗೆಯ ಜೊತೆಗೆ ಉಷ್ಣತೆಯನ್ನೂ ಇಂಗಾಲದ ಮಾನಾಕ್ಸೈಡನ್ನೂ ಅಳೆದು, ಎಲ್ಲವನ್ನೂ ಹೋಲಿಸಿ ತೀರ್ಮಾನಿಸುವ ಡಿಟೆಕ್ಟರ್‌ಗಳೂ, ನೀಲಿ ಮತ್ತು ಅವಕೆಂಪು ಎರಡು ಬಗೆಯ ಬೆಳಕು ಬಿಟ್ಟು ಕಣದ ಗಾತ್ರವನ್ನು ಅಂದಾಜಿಸುವಂಥವೂ ಈಗ ಬಂದಿವೆ. ಸಣ್ಣ ಹೊಗೆಯ ಕಣ ನೀಲಿ ಬೆಳಕನ್ನು ಹೆಚ್ಚು ಚದುರಿಸಿದರೆ, ದಪ್ಪ ಹನಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಹೊಗೆ ಎಚ್ಚರಿಕೆ ಸಾಧನಗಳಿಗೆ ಅಮೆರಿಕದ ಮಾನಕವಾದ ಯುಎಲ್ 217ರ ಎಂಟನೆಯ ಆವೃತ್ತಿಯಂತೂ ಬರ್ಗರ್ ಬೇಯಿಸುವ ಹೊಗೆಗೆ ಬೇಗ ಕೂಗಬಾರದು ಎಂದು ಪರೀಕ್ಷೆಯನ್ನೇ ಇಟ್ಟಿದೆ. ನಮ್ಮ ಹಂಡೆ ಒಲೆಗೂ ಒಂದು ಪರೀಕ್ಷೆ ಇದ್ದಿದ್ದರೆ ಚೆನ್ನಾಗಿತ್ತು.

ಸಿಡಿಲಿನ ಮಾತು ಕೇಳಿ ತೀರ್ಮಾನ ಬದಲಿಸಿದೆ. ಹೊಸ ಪ್ಯಾನೆಲ್ ಮನೆಯೊಳಗಷ್ಟೇ ಇರಲಿ. ಗೋದಾಮಿನ ಸಾಲು ಹಳೆಯ ಪ್ಯಾನೆಲ್‌ನಲ್ಲೇ ಉಳಿಯಲಿ, ಆದರೆ ಅದನ್ನು ಗೋದಾಮಿಗೇ ಸ್ಥಳಾಂತರಿಸುತ್ತೇನೆ. ಅಂಗಳ ದಾಟುವ ತಂತಿ ಹೂಟರ್‌ನದ್ದು ಮಾತ್ರ. ಆ ತಂತಿಗೂ ಅರೆಸ್ಟರ್ ಬೇಕೇ?

ಲೂಪ್‌ಕಾರ್ಡ್, ಕುಶಾಲನಗರ:
ಬೇಕು ಸರ್, ಎರಡೂ ತುದಿಗೆ, ಮತ್ತು ಅರ್ತಿಂಗ್ ಸರಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಾಗೆಯೇ ಆ ಪ್ಯಾನೆಲ್‌ನ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಒಮ್ಮೆ ಲೋಡ್ ಹಾಕಿ ನೋಡಿ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಹೋದರೆ ನಿಮ್ಮ ಗೋದಾಮನ್ನು ಕಾಯುವುದು ಅವೇ.