ವಿಭಜನೆಯ ಕೊನೆಯಲ್ಲಿ ಕೋಶವು ಸೈಕ್ಲಿನ್ ಅನ್ನು ಒಡೆದುಹಾಕುವುದೇಕೆ?

ಪ್ರಶ್ನೆ:
ನಾನು ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಸಸ್ತನಿಗಳಲ್ಲಿ ಸಿಡಿಕೆ1 ಕಿಣ್ವದೊಡನೆ ಸೈಕ್ಲಿನ್ ಬಿ ಎಂಬ ಪ್ರೋಟೀನ್ ಕೂಡಿಕೊಂಡಾಗ ಕೋಶವು ವಿಭಜನೆಗೆ ತೊಡಗುತ್ತದೆ, ಸೈಕ್ಲಿನ್ ನಾಶವಾದಾಗ ವಿಭಜನೆ ಮುಗಿಯುತ್ತದೆ ಎಂದು ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಸರ್, ಫಾಸ್ಫೇಟ್ ಅಂಟಿಸಿಯೇ ಸಿಡಿಕೆಯನ್ನು ನಿಲ್ಲಿಸಬಹುದಲ್ಲ, ಕಟ್ಟಿದ ಪ್ರೋಟೀನನ್ನು ಪ್ರತಿ ಸಲವೂ ಒಡೆಯುವುದೇಕೆ?” ಎಂದು ಕೇಳಿದಳು. ನನ್ನ ಉತ್ತರ ನನಗೇ ಸಮಾಧಾನ ತರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಬಹಳ ಒಳ್ಳೆಯ ಪ್ರಶ್ನೆ. ಇಟ್ಟ ಹೆಜ್ಜೆಯನ್ನು ಹಿಂದೆಗೆಯಲಾಗದಂತೆ ಮಾಡುವುದೇ ಈ ನಾಶದ ಉದ್ದೇಶ. ವೀ1 ಎಂಬ ಕಿಣ್ವ ಅಂಟಿಸಿದ ಫಾಸ್ಫೇಟನ್ನು ಸಿಡಿಸಿ25 ಎಂಬ ಇನ್ನೊಂದು ಕಿಣ್ವ ಕಿತ್ತುಹಾಕಿದರೆ ಸಿಡಿಕೆ1 ಮತ್ತೆ ಚುರುಕಾಗುತ್ತದೆ. ಸೈಕ್ಲಿನ್ನೇ ಇಲ್ಲವಾದರೆ ಅದನ್ನು ಹೊಸದಾಗಿ ತಯಾರಿಸಿಕೊಳ್ಳುವವರೆಗೆ ಕೋಶ ಕಾಯಲೇಬೇಕು. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಶೇರುಕಗಳ ಕೋಶಗಳಿಗೆ ಎರಡು ರಾಸಾಯನಿಕಗಳನ್ನು ಕೊಡಲಾಯಿತು: ಒಂದು ಸೈಕ್ಲಿನ್ ಒಡೆಯದಂತೆ ಕಾಯುವುದು, ಇನ್ನೊಂದು ಸಿಡಿಕೆ1 ಅನ್ನು ತಡೆಯುವುದು. ಕೋಶಗಳು ವಿಭಜನೆ ಮುಗಿಸಿ ಹೊರಬಂದವು. ಆದರೆ ಎರಡನೆಯದನ್ನು ತೊಳೆದು ತೆಗೆದೊಡನೆ ವರ್ಣತಂತುಗಳು ಮತ್ತೆ ದಪ್ಪಗಾದವು, ವರ್ಣತಂತುಗಳನ್ನು ಎಳೆಯುವ ಕದಿರು (ಸ್ಪಿಂಡಲ್) ಮತ್ತೆ ರೂಪುಗೊಂಡಿತು, ಬೇರೆಯಾಗಿದ್ದ ಎರಡು ಮರಿಕೋಶಗಳು ಮರಳಿ ಒಂದಾದವು! ನಿಮ್ಮ ವಿದ್ಯಾರ್ಥಿನಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

ಉತ್ತರ 2:
ಇದೇ ತರ್ಕ ವರ್ಣತಂತುಗಳು ಬೇರ್ಪಡುವ ಹಂತಕ್ಕೂ ಅನ್ವಯಿಸುತ್ತದೆ. ಸೈಕ್ಲಿನ್ ಬಿಗೆ ಯುಬಿಕ್ವಿಟಿನ್ ಗುರುತು ಹಚ್ಚಿ ನಾಶಕ್ಕೆ ಕಳುಹಿಸುವ ಎಪಿಸಿ ಸಂಕೀರ್ಣವೇ ಸೆಕ್ಯೂರಿನ್ ಎಂಬ ಪ್ರೋಟೀನಿಗೂ ಅದೇ ಗುರುತು ಹಚ್ಚುತ್ತದೆ; ಸೆಕ್ಯೂರಿನ್ ನಾಶವಾದಾಗ ಅದರ ಹಿಡಿತದಿಂದ ಬಿಡುಗಡೆಯಾಗುವ ಸೆಪರೇಸ್ ಎಂಬ ಕಿಣ್ವ, ವರ್ಣತಂತುವಿನ ಜೋಡಿ ಎಳೆಗಳನ್ನು ಹಿಡಿದಿಟ್ಟ ಕೊಹೆಸಿನ್ ಉಂಗುರವನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಆ ಎಳೆಗಳನ್ನು ಮತ್ತೆ ಜೋಡಿಸುವಂತಿಲ್ಲ. ಆದ್ದರಿಂದಲೇ ಒಂದೇ ಒಂದು ವರ್ಣತಂತು ಕದಿರಿನ ಎಳೆಗೆ ಸಿಕ್ಕದೆ ಉಳಿದರೂ ಮ್ಯಾಡ್2 ಮೊದಲಾದ ಪ್ರೋಟೀನುಗಳು ಎಪಿಸಿಯನ್ನು ತಡೆಹಿಡಿಯುತ್ತವೆ.

ತರಗತಿಯಲ್ಲಿ ಸೈಕ್ಲಿನ್ ಕಂಡುಹಿಡಿದ ವಿಜ್ಞಾನಿ ಟಿಮ್ ಹಂಟ್ ಅವರ ಪ್ರಯೋಗವನ್ನೂ ಹೇಳಿ. 1982ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಅವರು ಕಡಲ ಮುಳ್ಳುಚೆಂಡಿನ (ಸೀ ಅರ್ಚಿನ್) ಮೊಟ್ಟೆಗಳಿಗೆ ಪ್ರೋಟೀನಿನ ಘಟಕವಾದ ಮೆಥಿಯೊನಿನ್‌ನ ವಿಕಿರಣಶೀಲ ರೂಪವನ್ನು ಉಣಿಸಿ ನೋಡಿದಾಗ, ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್ ಮೇಲೆ ಉಳಿದ ಪಟ್ಟಿಗಳೆಲ್ಲ ಗಾಢವಾಗುತ್ತ ಹೋದರೆ ಒಂದು ಪಟ್ಟಿ ಮಾತ್ರ ಮೊಟ್ಟೆಯ ಕೋಶ ವಿಭಜನೆಯಾಗುವ ಹೊತ್ತಿಗೆ ಮಾಯವಾಗಿ ಮತ್ತೆ ಮೂಡುತ್ತಿತ್ತು. ಅದೇ ಸೈಕ್ಲಿನ್.

ಉತ್ತರ 3:
ಒಂದು ತಿದ್ದುಪಡಿ: ಎಲ್ಲ ಸೈಕ್ಲಿನ್‌ಗಳೂ ಹೀಗಲ್ಲ. ಸೈಕ್ಲಿನ್ ಡಿ ಎಂಬ ಇನ್ನೊಂದು ಬಗೆ ಹೀಗೆ ಏರಿಳಿಯುವುದಿಲ್ಲ, ಹೊರಗಿನ ಬೆಳವಣಿಗೆಯ ಸಂಕೇತ ಇರುವವರೆಗೂ ಇರುತ್ತದೆ. ಅದರ ಜೊತೆಗಾರ ಸಿಡಿಕೆ4 ಮತ್ತು 6 ಅನ್ನು ತಡೆಯುವ ಪ್ಯಾಲ್ಬೊಸಿಕ್ಲಿಬ್ ಎಂಬ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಅದು ಕಿಣ್ವವನ್ನು ತಡೆಯುತ್ತದೆಯೇ ಹೊರತು ನಾಶಮಾಡುವುದಿಲ್ಲ. ಹಾಗಾಗಿ 21 ದಿನ ನುಂಗಿ 7 ದಿನ ಬಿಡುವು ಕೊಟ್ಟಾಗ ಅಸ್ಥಿಮಜ್ಜೆಯ ಕೋಶಗಳು ಮತ್ತೆ ವಿಭಜನೆಗೆ ಮರಳಿ, ಕುಸಿದಿದ್ದ ಬಿಳಿ ರಕ್ತಕಣಗಳ ಸಂಖ್ಯೆ ಚೇತರಿಸಿಕೊಳ್ಳುತ್ತದೆ.