ಈಕ್ವೆಡಾರ್‌ನಲ್ಲಿ ಒಂದೇ ವರ್ಷದಲ್ಲಿ ಇಷ್ಟೆಲ್ಲಾ ಹೆಂಗಾಯ್ತು? ಯಾರಾದ್ರೂ ಬಿಡಿಸಿ ಹೇಳ್ರಪ್ಪ

ಬೈಟುಕಾಫಿ:
2024ರ ಜನವರಿಲಿ ಮುಸುಕು ಹಾಕ್ಕೊಂಡೋರು ಟೀವಿ ಸ್ಟುಡಿಯೋಗೆ ನುಗ್ಗಿದ್ರಲ್ಲ, ಆ ವಿಡಿಯೋ ಮತ್ತೆ ಕಣ್ಣಿಗೆ ಬಿತ್ತು. ಲೈವ್ ಹೋಗ್ತಾನೇ ಇದೆ, ಆ್ಯಂಕರ್ ಕೋಟಿನ ಜೇಬಿಗೆ ಡೈನಮೈಟ್ ಕಡ್ಡಿ ತುರುಕ್ತಾರೆ, ಉಳಿದೋರೆಲ್ಲ ನೆಲದ ಮೇಲೆ. ಹುಡುಕ್ತಾ ಹೋದ್ರೆ ಅದಕ್ಕೆ ಐದು ತಿಂಗಳ ಮುಂಚೆ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಅಭ್ಯರ್ಥಿನೇ ಕೊಂದಿದಾರೆ, ಅದಕ್ಕೂ ಮುಂಚೆ ಸಂಸತ್ತು ವಿಸರ್ಜನೆ ಆಗಿದೆ, ಆಮೇಲೆ ಪೊಲೀಸ್ರೇ ಮೆಕ್ಸಿಕೋ ರಾಯಭಾರ ಕಚೇರಿಗೆ ನುಗ್ಗಿದಾರೆ. ಇವೆಲ್ಲಾ ಒಂದಕ್ಕೊಂದು ಸಂಬಂಧ ಇರೋವಾ ಇಲ್ಲಾ ಬೇರೆ ಬೇರೆನಾ? ಮೊದಲು ಶಾಂತವಾಗಿದ್ದ ದೇಶ ಅಂತ ಕೇಳಿದ್ದೆ.

ಹಳೇಪೇಪರ್:
ಶಾಂತವಾಗಿದ್ದಿದ್ದು ನಿಜ. 2018ರಲ್ಲಿ ಲಕ್ಷ ಜನಕ್ಕೆ ಕೊಲೆ ಸುಮಾರು 6, 2023ಕ್ಕೆ ಅದು 45ರ ಆಸುಪಾಸು. ಐದೇ ವರ್ಷದಲ್ಲಿ.

ನೀವು ಕೇಳಿದ ವರ್ಷ ಶುರುವಾಗೋದು 2023ರ ಮೇ 17ಕ್ಕೆ. ಅಧ್ಯಕ್ಷ ಗಿಲ್ಲೆರ್ಮೋ ಲಾಸ್ಸೋ ಮೇಲೆ ಮಹಾಭಿಯೋಗ ನಡೀತಿತ್ತು, ಅವ್ರು ಅದು ಮುಗಿಯೋಕೆ ಬಿಡದೆ ಸಂಸತ್ತನ್ನೇ ವಿಸರ್ಜಿಸಿಬಿಟ್ರು. 2008ರ ಸಂವಿಧಾನದಲ್ಲಿ ಅದಕ್ಕೆ ಅವಕಾಶ ಇದೆ, ಆದ್ರೆ ಅಧ್ಯಕ್ಷರೂ ಕುರ್ಚಿ ಬಿಟ್ಟು ಹೊಸ ಚುನಾವಣೆಗೆ ಹೋಗ್ಬೇಕು, ಅದಕ್ಕೇ ಅಲ್ಲಿವರೆಗೂ ಯಾರೂ ಅದನ್ನ ಮುಟ್ಟಿರ್ಲಿಲ್ಲ. ಹಿಂಗೆ ಅವಧಿ ಮಧ್ಯದಲ್ಲಿ ಬಂದ ಚುನಾವಣೆ ಅದು. ಜುಲೈನಲ್ಲಿ ಮಾಂಟಾ ಊರಿನ ಮೇಯರ್‌ನ ಗುಂಡಿಕ್ಕಿ ಕೊಂದ್ರು, ಆಗಸ್ಟ್ 9ಕ್ಕೆ ರಾಜಧಾನಿ ಕೀಟೋದಲ್ಲಿ ನೀವು ಹೇಳಿದ ಆ ಅಭ್ಯರ್ಥಿ, ಫೆರ್ನಾಂಡೋ ವಿಲ್ಲಾವಿಸೆನ್ಸಿಯೋ. ಪತ್ರಕರ್ತನಾಗಿದ್ದು ರಾಜಕೀಯಕ್ಕೆ ಬಂದೋನು, ಭ್ರಷ್ಟಾಚಾರದ ಕಡತಗಳನ್ನೇ ಬೆನ್ನು ಹತ್ತಿದ್ದೋನು, ಸಭೆ ಮುಗಿಸಿ ಕಾರು ಹತ್ತೋ ಹೊತ್ತಲ್ಲಿ ಹೊಡೆದ್ರು. ಮತದಾನಕ್ಕೆ ಇನ್ನು 11 ದಿನ. ಬ್ಯಾಲೆಟ್ ಆಗ್ಲೇ ಪ್ರಿಂಟ್ ಆಗಿತ್ತು, ಅದ್ರಲ್ಲಿ ಇದ್ದಿದ್ದು ಸತ್ತೋನ ಫೋಟೋನೇ, ಅದಕ್ಕೆ ಬಿದ್ದ ವೋಟನ್ನ ಬದಲಿಗೆ ನಿಂತ ಅವನ ಸ್ನೇಹಿತನ ಲೆಕ್ಕಕ್ಕೆ ಹಾಕಿದ್ರು, ಮೂರನೇ ಸ್ಥಾನ ಬಂತು.

ಇದಕ್ಕಿಂತ ಮೈ ಜುಮ್ಮನ್ನಿಸೋದು ಅಕ್ಟೋಬರ್‌ದು. ಕೊಲೆ ಕೇಸಲ್ಲಿ ಸಿಕ್ಕಿಬಿದ್ದಿದ್ದ ಆರು ಜನ ಕೊಲಂಬಿಯಾದೋರು ಗ್ವಾಯಾಕಿಲ್ ಜೈಲೊಳಗೇ ಕೊಲೆಯಾದ್ರು. ಇನ್ನು ಬಾಯಿ ಬಿಡೋರು ಯಾರು?

ಬೈಟುಕಾಫಿ:
ಜೈಲಲ್ಲೇ ಇದ್ದೋರು ಹಿಂಗೆಲ್ಲಾ ಹೆಂಗೆ ಮಾಡ್ತಾರೆ ಸರ್, ಕಾವಲು ಇರಲ್ವಾ?

ಬಂದರುಹುಡುಗ:
ಬೈಟು ಅಣ್ಣ, ಅಲ್ಲಿ ಜೈಲೇ ಗ್ಯಾಂಗ್‌ಗಳ ಹೆಡ್ ಆಫೀಸು, ಅದು ಗೊತ್ತಾಗ್ದೆ ಹೋದ್ರೆ ಮಿಕ್ಕಿದ್ದೇನೂ ಅರ್ಥ ಆಗಲ್ಲ. ಒಂದು ಕಡೆ ಕೊಲಂಬಿಯಾ ಇನ್ನೊಂದು ಕಡೆ ಪೆರು, ಕೊಕೇನ್ ತಯಾರಾಗೋದು ಅಲ್ಲಿ, ಮಧ್ಯದಲ್ಲಿ ಈಕ್ವೆಡಾರ್, 2000ದಿಂದ ಅಲ್ಲಿ ಓಡೋ ದುಡ್ಡೇ ಡಾಲರ್, ಜೊತೆಗೆ ಗ್ವಾಯಾಕಿಲ್‌ನಂಥಾ ದೊಡ್ಡ ಬಂದರು. ಬಾಳೆಹಣ್ಣು ರಫ್ತಲ್ಲಿ ಪ್ರಪಂಚಕ್ಕೇ ನಂಬರ್ ಒನ್. ಹಣ್ಣು ಕೊಳೆಯೋ ಮಾಲು, ಕಂಟೇನರ್ ನಿಲ್ಲಿಸಿ ಒಂದೊಂದೇ ಪೆಟ್ಟಿಗೆ ಬಿಚ್ಚಿ ನೋಡ್ತಾ ಕೂತ್ರೆ ಹಡಗು ತಪ್ಪುತ್ತೆ, ಆ ಅವಸರದಲ್ಲೇ ಪುಡಿ ಯುರೋಪಿಗೆ ಸಾಗುತ್ತೆ. ಲೋಸ್ ಚೊನೆರೋಸ್ ಗ್ಯಾಂಗಿನ ನಾಯಕ 2020ರ ಕೊನೇಲಿ ಕೊಲೆಯಾದ, ಆಮೇಲೆ ಗ್ಯಾಂಗ್‌ಗಳು ಹೊಡೆದಾಡ್ಕೊಂಡು 2021ರ ಸೆಪ್ಟೆಂಬರ್‌ನಲ್ಲಿ ಒಂದೇ ಜೈಲಲ್ಲಿ ನೂರಕ್ಕೂ ಹೆಚ್ಚು ಕೈದಿಗಳು ಸತ್ರು.

ಫೀತೋ ಅನ್ನೋನು ಆ ಚೊನೆರೋಸ್‌ಗೆ ಬಾಸ್. ವಿಲ್ಲಾವಿಸೆನ್ಸಿಯೋ ತನಗೆ ಇವನಿಂದ ಬೆದರಿಕೆ ಇದೆ ಅಂತ ಸಾಯೋ ಮುಂಚೆ ಬಹಿರಂಗವಾಗೇ ಹೇಳಿದ್ದ. ಕೊಲೆ ಆದ್ಮೇಲೆ ಸುಮಾರು 4,000 ಪೊಲೀಸ್ ಸೈನಿಕರನ್ನ ತಂದು ಇವನನ್ನ ಬಿಗಿ ಜೈಲಿಗೆ ಸಾಗಿಸಿದ್ರು, ಕೋರ್ಟು ನೋಡಿದ್ರೆ ಮುಂದಿನ ತಿಂಗಳೇ ವಾಪಸ್ ಹಳೇ ಜೈಲಿಗೆ ಕಳಿಸ್ತು!! ಜನವರಿ 7ಕ್ಕೆ ಸೆಲ್‌ಗೆ ಹೋಗಿ ನೋಡಿದ್ರೆ ಆಸಾಮಿ ನಾಪತ್ತೆ. 8ಕ್ಕೆ ತುರ್ತುಪರಿಸ್ಥಿತಿ, 9ಕ್ಕೆ ಟೀವಿ ಸ್ಟುಡಿಯೋ. ಅದರ ತನಿಖೆ ಮಾಡ್ತಿದ್ದ ಪ್ರಾಸಿಕ್ಯೂಟರ್‌ನ 17ಕ್ಕೆ ಹಾಡಹಗಲೇ ಮುಗಿಸಿದ್ರು.

ನಾಕಾಣೆ:
ಎಲ್ರೂ ಗ್ಯಾಂಗ್ ಬಗ್ಗೆನೇ ಹೇಳ್ತಿದೀರಾ, ಆ ಚುನಾವಣೆ ಗೆದ್ದು ಅಧ್ಯಕ್ಷ ಆದ ಡೇನಿಯಲ್ ನೊಬೋವಾ ಬಗ್ಗೆ ಒಂದು ಮಾತು. ಬಾಳೆ ಸಾಹುಕಾರನ ಮಗ, ಅವರಪ್ಪ ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತಿದ್ರು, ಮಗ 35ಕ್ಕೇ ಮೊದಲ ಸಲಕ್ಕೇ ಗೆದ್ದ. ಲಾಸ್ಸೋ ಬಿಟ್ಟುಹೋದ ಅವಧಿ ತುಂಬಿಸೋಕೆ ಬಂದೋನು, ಆಗ ಕೈಲಿದ್ದಿದ್ದು ಒಂದೂವರೆ ವರ್ಷ, ಅಷ್ಟರಲ್ಲಿ ಗಟ್ಟಿ ಆಸಾಮಿ ಅನ್ನಿಸ್ಕೊಬೇಕಿತ್ತು. ಸ್ಟುಡಿಯೋ ಘಟನೆ ದಿನವೇ 'ದೇಶದೊಳಗೆ ಸಶಸ್ತ್ರ ಸಂಘರ್ಷ' ಅಂತ ಘೋಷಿಸಿ 22 ಗ್ಯಾಂಗ್‌ಗಳನ್ನ ಉಗ್ರರ ಪಟ್ಟಿಗೆ ಹಾಕಿ ಬೀದಿಗೆ ಸೈನ್ಯ ಇಳಿಸಿದ. ಆ ಗಳಿಗೆಲಿ ಬೇರೆ ದಾರಿ ಇತ್ತಾ ಅಂದ್ರೆ ನನ್ ಪ್ರಕಾರ ಇರ್ಲಿಲ್ಲ. ಆದ್ರೆ ಅದೇ ಗತ್ತಲ್ಲಿ ಏಪ್ರಿಲ್ 5ರ ರಾತ್ರಿ ಮೆಕ್ಸಿಕೋ ರಾಯಭಾರ ಕಚೇರಿಗೆ ಪೊಲೀಸ್ ನುಗ್ಗಿಸಿ, ಒಳಗೆ ಆಶ್ರಯ ತಗೊಂಡಿದ್ದ ಮಾಜಿ ಉಪಾಧ್ಯಕ್ಷ ಹೋರ್ಹೆ ಗ್ಲಾಸ್‌ನ ಎಳ್ಕೊಂಡು ಬಂದಿದ್ದು ಯಾವ ಗ್ಯಾಂಗ್ ಮಟ್ಟ ಹಾಕೋಕೆ? ಗ್ಲಾಸ್ ಭ್ರಷ್ಟಾಚಾರದಲ್ಲಿ ಶಿಕ್ಷೆ ಆದೋನೇ ಇರ್ಬೋದು, ರಾಯಭಾರ ಕಚೇರಿ ಹೊಸ್ತಿಲು ದಾಟೋದು ಯಾವ ದೇಶನೂ ಒಪ್ಪೋ ಕೆಲಸ ಅಲ್ಲ. ಮೆಕ್ಸಿಕೋ ಸಂಬಂಧನೇ ಕಡ್ಕೊಂತು.

ಹಳೇಪೇಪರ್:
ನಾಕಾಣೆಯವ್ರೇ, ಸರಿನೇ, ಆದ್ರೆ ಜನ ಕಣ್ಣು ಮುಚ್ಚಿ ಅವನಿಗೆ ಎಲ್ಲಾ ಬರ್ಕೊಟ್ಟಿಲ್ಲ. ಎರಡು ವಾರ ಬಿಟ್ಟು ಏಪ್ರಿಲ್ 21ಕ್ಕೆ ಜನಮತಗಣನೆ ಆಯ್ತು, 11 ಪ್ರಶ್ನೆ. ಸೈನ್ಯ ಪೊಲೀಸ್ ಜೊತೆ ಕೆಲಸ ಮಾಡ್ಲಿ, ಆರೋಪಿಗಳನ್ನ ಹೊರದೇಶಕ್ಕೆ ಒಪ್ಪಿಸ್ಲಿ, ಇಂಥಾ 9ಕ್ಕೆ ಹೂಂ ಅಂದ್ರು. ಗಂಟೆ ಲೆಕ್ಕದಲ್ಲಿ ಕೂಲಿ ಕರಾರು ಮಾಡ್ಕೊಳೋಕೆ ಬಿಡಬೇಕಾ ಅಂದಿದ್ದಕ್ಕೆ ಬೇಡ ಅಂದ್ರು, ಹೂಡಿಕೆ, ವ್ಯಾಪಾರದ ವ್ಯಾಜ್ಯಗಳಿಗೆ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೂ ಬೇಡ. ಗ್ಯಾಂಗ್ ಭಯದ ನಡುವೆ ತಮ್ಮ ಸಂಬಳಕ್ಕೆ ಕತ್ತರಿ ತೂರಿಸ್ತಿರೋದು ಅವ್ರಿಗೆ ಕಾಣ್ತಿತ್ತು. ಅಷ್ಟೊತ್ತಿಗೆ ಭದ್ರತೆ ಖರ್ಚು ಅಂತ ವ್ಯಾಟ್ ಬೇರೆ 12ರಿಂದ 15 ಪರ್ಸೆಂಟ್‌ಗೆ ಏರಿತ್ತಲ್ಲ.

ಬೈಟುಕಾಫಿ:
ಥ್ಯಾಂಕ್ಸ್ ಎಲ್ರಿಗೂ. ಕೊನೇದೊಂದು, ಆ ಫೀತೋ ಸಿಕ್ಕಿದ್ನಾ?

ಬಂದರುಹುಡುಗ:
ಸಿಕ್ಕಿದ, ಒಂದೂವರೆ ವರ್ಷ ಆದ್ಮೇಲೆ, 2025ರ ಜೂನಲ್ಲಿ. ಕಾಡಲ್ಲೂ ಅಲ್ಲ ಹೊರದೇಶದಲ್ಲೂ ಅಲ್ಲ, ಮಾಂಟಾದಲ್ಲೇ ಒಂದು ಬಂಗಲೆ ಕೆಳಗೆ ಬಂಕರ್ ಮಾಡ್ಕೊಂಡಿದ್ದ. ಜುಲೈನಲ್ಲಿ ಅಮೆರಿಕಕ್ಕೆ ಸಾಗಿಸಿದ್ರು. ಹಳೇಪೇಪರ್ ಹೇಳಿದ ಆ ಜನಮತಗಣನೆಗೆ ಮುಂಚೆ ಆಗಿದ್ರೆ ಸ್ವಂತ ಪ್ರಜೆನ ಹಂಗೆ ಒಪ್ಪಿಸೋಕೆ ಅವ್ರ ಸಂವಿಧಾನದಲ್ಲಿ ಜಾಗನೇ ಇರ್ಲಿಲ್ಲ.