ನೈಸಿಯಾ ಸಭೇಲಿ ಚರ್ಚ್ ಕಾನೂನೂ ಮಾಡಿದ್ರಾ?

ಕಾರವಾರದವ: ನಮ್ಮ ಚರ್ಚಲ್ಲಿ ಓದೋ ನೈಸಿಯಾ ವಿಶ್ವಾಸ ಪ್ರಮಾಣ (ನಾವು ಏನು ನಂಬ್ತೀವಿ ಅಂತ ಹೇಳೋ ಮಾತು) ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯ ನೈಸಿಯಾ ಊರಲ್ಲಿ ಬಿಷಪ್ಪುಗಳು ಸೇರಿದ ಸಭೇಲಿ ಶುರುವಾಗಿದ್ದು ಅಂತ ಗೊತ್ತು, ಆದ್ರೆ ಅಲ್ಲಿ ಕಾನೂನೂ ಮಾಡಿದ್ರಂತೆ, ಏನವು?

ಸಿರ್ಸಿ ಓದುಗ: ಹೌದು ಮಾರಾಯ್ರೆ, 20 ನಿಯಮ. 17ನೇದು ನಂಗೆ ಭಾರಿ ಇಷ್ಟ, ಪಾದ್ರಿ ಆದವ್ರು ಬಡ್ಡಿಗೆ ದುಡ್ಡು ಕೊಟ್ರೆ ಹುದ್ದೆಯಿಂದ ತೆಗೀಬೇಕು ಅಂತ, ಆಗ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ ನಡೀತಿತ್ತು, ಅದನ್ನ ನಿಯಮದಲ್ಲೇ ಎತ್ತಿ ಹೇಳಿದಾರೆ. ದೇವರ ಕೆಲ್ಸ ಮಾಡೋರು ಬಡವರ ಕುತ್ತಿಗೆ ಹಿಡೀಬಾರ್ದು, ಸರೀನೇ ಅಲ್ವಾ.

ಕುಮಟಾ ಕಡಲು: 15ನೇದೂ ನೋಡಿ, ಬಿಷಪ್ಪು ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗಂಗಿಲ್ಲ. ದೊಡ್ಡ ಊರಿನ ಆಸೆಗೆ ಜಗಳ ಆಗ್ತಿತ್ತು, ಹಂಗಾಗಿ.

ಕಾರವಾರದವ: ಥ್ಯಾಂಕ್ಸ್ ರೀ. ಈಗ ಓದೋದು ಅದೇ ಪ್ರಮಾಣನಾ?

ಸಿರ್ಸಿ ಓದುಗ: ಪೂರ್ತಿ ಅಲ್ಲ, ಪವಿತ್ರಾತ್ಮದ ಬಗ್ಗೆ ಇರೋ ಉದ್ದದ ಭಾಗ 381ರ ಕಾನ್ಸ್ಟಾಂಟಿನೋಪಲ್ ಸಭೆಯ ಪ್ರಮಾಣದ್ದು.